ಊಟವಾದ ಮೇಲಿನ ಒಂದು ಗಂಟೆ

ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗಿ ಪದೇ ಪದೇ ವಾಂತಿ ಮಾಡಿಕೊಳ್ಳುತ್ತಿದ್ದಾಳೆ ಎಂದು ಯಾರಾದರೂ ಬಂದು ಪಿಸುಗುಟ್ಟಿದರೆ, ವಾರ್ಡನ್ ಆದವಳ ತಲೆಗೆ ಮೊದಲು ಬರುವುದು ಒಂದೇ ಯೋಚನೆ. ನನಗೂ ಅದೇ ಬಂತು. ಅದಕ್ಕೆ ನಾನು ನಾಚಿಕೊಳ್ಳುವುದಿಲ್ಲ. ಈ ಕೆಲಸದಲ್ಲಿರುವ ಯಾರಿಗೇ ಆದರೂ ಅದೇ ಬರುತ್ತಿತ್ತು. ನನಗೆ ನಾಚಿಕೆಯಾಗುವುದು ಆಮೇಲೆ ಮಾಡಿದ್ದಕ್ಕೆ.

ಪಿಸುಗುಟ್ಟಿದ್ದು ನಮ್ಮ ಅಡುಗೆಯಾಕೆ. ಮದ್ದೂರಿನಲ್ಲಿ ನಾನು ನೋಡಿಕೊಳ್ಳುವ ಕಾಲೇಜು ಹುಡುಗಿಯರ ಹಾಸ್ಟೆಲ್ಲಿಗೆ ಆಕೆ ದಿನಾ ಪಕ್ಕದ ಕೊಪ್ಪದಿಂದ ಮೊದಲನೇ ಬಸ್ಸಿಗೆ ಬರುತ್ತಾಳೆ. ನನಗಿಂತ ಮೊದಲಿನಿಂದ ಇಲ್ಲಿದ್ದಾಳೆ. ಈ ಕಟ್ಟಡದಲ್ಲಿ ನನಗೆ ಹೆದರದ ಜೀವ ಎಂದರೆ ಅದೊಂದೇ. ಒಂದು ಭಾನುವಾರ ಮಧ್ಯಾಹ್ನ, ಕೋಳಿಸಾರಿನ ಊಟ ಮುಗಿದು ಹುಡುಗಿಯರೆಲ್ಲ ಮೇಲೆ ಹೋದ ಮೇಲೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಆಫೀಸಿನ ಬಾಗಿಲಿಗೆ ಬಂದು ನಿಂತಳು.

"ಮೇಡಂ, ಒಂದ್ಮಾತ್ ಯೋಳ್ತೀನಿ, ಬಯ್ಬ್ಯಾಡಿ. ಆ ಬ್ಲಫ್ ಕೂಸು ಉಂಡಾದ್ಮೇಲೆ ಬಚ್ಚಲಿಗೋಗಿ ಕಕ್ತದೆ ಕಣಿ. ಮೂರ್ ಸಲ ಕಿವಿಯಾರ ಕೇಳುಸ್ಕಂಡಿವ್ನಿ. ನಲ್ಲಿ ಜೋರಾಗ್ ಬುಟ್ಕತದೆ, ಆದ್ರೂ ಗೊತ್ತಾಗಕಿಲ್ವಾ?"

ಬ್ಲಫ್ ಕೂಸು ಎಂದರೆ ಎರಡನೇ ವರ್ಷದ ಬಿ.ಎಸ್ಸಿ. ಹುಡುಗಿ. ಅವಳಪ್ಪನಿಗೆ ಬ್ಲಫ್ ಎಂಬ ಊರಿನ ಪವರ್‌ಹೌಸಿನಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸಿನಲ್ಲಿ ಮನೆ. ಹಾಸಿಗೆಯ ಮೇಲಿನ ದುಪ್ಪಡಿ ಒಂದು ಸುಕ್ಕಿಲ್ಲದೆ ಇರುತ್ತಿತ್ತು. ಗಣಿತದಲ್ಲಿ ಕಾಲೇಜಿಗೇ ಮುಂದು. ಸೋಮವಾರ ಒಪ್ಪತ್ತು ಮಾಡುತ್ತಿದ್ದಳು. ಆಮೇಲೆ ಶುಕ್ರವಾರ ಸೇರಿತು, ಶನಿವಾರವೂ ಸೇರಿತು. ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ. ಅವಳಿಗೆ ಅದೂ ಎರಡು ಬಾಳೆಹಣ್ಣು, ಒಂದು ಲೋಟ ಹಾಲಿಗೆ ಇಳಿದಿತ್ತು. ತಿಂಗಳ ಸಭೆಯಲ್ಲಿ ನಾನು ಎದ್ದು ನಿಂತು, "ಉಪ್ಪಿಲ್ಲ ಖಾರ ಇಲ್ಲ ಅಂತ ದಿನಾ ತಟ್ಟೆ ಬಡಿಯೋರು ಇವಳನ್ನ ನೋಡಿ ಕಲೀರಿ. ನಾಲಿಗೆ ಮೇಲೆ ಹಿಡಿತ ಅಂದ್ರೆ ಇದು" ಎಂದಿದ್ದೆ. ಹುಡುಗಿಯರು ಚಪ್ಪಾಳೆ ತಟ್ಟಿದ್ದರು. ಅವಳು ತಲೆ ತಗ್ಗಿಸಿ ಕೂತಿದ್ದಳು. ವಿನಯ ಎಂದುಕೊಂಡೆ.

ಇಂಥ ಹುಡುಗಿ ವಾಂತಿ ಮಾಡಿಕೊಳ್ಳುತ್ತಾಳೆ ಎಂದ ಮೇಲೆ ತಡಮಾಡುವ ಹಾಗಿರಲಿಲ್ಲ. ಸೋಮವಾರ ಬೆಳಿಗ್ಗೆಯೇ ಬಸ್ಸು ಹತ್ತಿ ಮಂಡ್ಯಕ್ಕೆ ಹೋದೆ. ಮದ್ದೂರಿನ ಮೆಡಿಕಲ್ ಸ್ಟೋರಿನವರಿಗೆಲ್ಲ ನನ್ನ ಮುಖ ಗೊತ್ತು. ಬಸುರಿಯೋ ಅಲ್ಲವೋ ಎಂದು ನೋಡುವ ಕಿಟ್ಟನ್ನು ಅಲ್ಲಿ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮಂಡ್ಯದ ಅಂಗಡಿಯವನು ನನ್ನ ನರೆತ ಕೂದಲನ್ನೂ ಕಿಟ್ಟನ್ನೂ ಒಂದಾದ ಮೇಲೊಂದು ನೋಡಿದ. "ಏನಪ್ಪ, ಕವರಿಗೆ ಹಾಕಿ ಕೊಡು" ಎಂದು ಗದರಿಸಿ ತಂದೆ.

ಸಂಜೆ ಹುಡುಗಿಯನ್ನು ಕರೆದು ಬಾಗಿಲು ಹಾಕಿಕೊಂಡೆ. ಕವರು ಕೊಟ್ಟು, ಏನು ಮಾಡಬೇಕೆಂದು ಹೇಳಿದೆ. ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ, ಯಾಕೆ ಎಂದು ಕೇಳಲೂ ಇಲ್ಲ. ಹೋಗಿ ಬಂದು ಅದನ್ನು ಮೇಜಿನ ಮೇಲಿಟ್ಟಳು. ಇಬ್ಬರೂ ಐದು ನಿಮಿಷ ಅದನ್ನೇ ನೋಡುತ್ತ ಕೂತೆವು. ಒಂದೇ ಗೆರೆ ಬಂತು.

"ಸದ್ಯ! ಏನೂ ಇಲ್ಲ ಬಿಡು" ಎಂದೆ. ಎಷ್ಟು ಹಗುರಾಯಿತೆಂದರೆ, ಅವಳ ಕೆನ್ನೆ ತಟ್ಟಿ, ಗ್ಯಾಸ್ಟ್ರಿಕ್ಕಿನ ಮಾತ್ರೆ ಕೊಟ್ಟು, ಖಾರ ಕಮ್ಮಿ ತಿನ್ನು ಎಂದು ಬುದ್ಧಿ ಹೇಳಿ ಕಳಿಸಿದೆ. ಗಲ್ಲ ತುಂಬಿಕೊಂಡು ಲಕ್ಷಣವಾಗಿದ್ದಾಳೆ, ಇವಳಿಗೆಂಥ ಕಾಯಿಲೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಕಾಯಿಲೆಯವರು ಸೊರಗಿರುತ್ತಾರೆ ಎಂದೇ ನನ್ನ ಲೆಕ್ಕ.

ಅಡುಗೆಯಾಕೆಗೆ ಸಮಾಧಾನವಾಗಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಬಂದಳು. ಈ ಸಲ ದೂರು ಬೇರೆ. ರಾತ್ರಿ ಉಳಿದ ಚಪಾತಿ, ಮುದ್ದೆ, ಬೆಳಗಿನ ತಿಂಡಿಗೆಂದು ತೆಗೆದಿಟ್ಟ ಕಾಯಿ ಚಟ್ನಿ, ಎಲ್ಲವೂ ಮಂಗಳವಾರ ಬೆಳಿಗ್ಗೆ ಬರುವ ಹೊತ್ತಿಗೆ ಖಾಲಿಯಾಗಿರುತ್ತವೆ ಎಂದಳು. "ಮಂಗಳವಾರವೇ ಯಾಕೆ?" ಎಂದೆ. "ಅದೇ ನಂಗೂ ತಿಳೀನಿಲ್ಲ ಮೇಡಂ. ಸ್ವಾಮಾರ ಉಂಡಿರಕಿಲ್ವಲ್ಲ, ಅದಕ್ಕಿರ್ಬೋದಾ?" ಎಂದಳು. ಆಕೆ ಹುಡುಗಿಯ ಹೆಸರು ಹೇಳಲಿಲ್ಲ. ನಾನು ಆ ಎರಡನ್ನೂ ಒಂದಕ್ಕೊಂದು ಸೇರಿಸಿ ನೋಡಲಿಲ್ಲ. ಅಡುಗೆಮನೆಗೆ ಒಂದು ಬೀಗ ತಂದು ಜಡಿದೆ. ಬೀಗ ಹಾಕುವುದರಲ್ಲಿ ವಾರ್ಡನ್ನರು ಜಾಣರು.

ಕಾರ್ತಿಕ ಮಾಸ ಮುಗಿಯುತ್ತ ಬಂದಿತ್ತು. ಒಂದು ಮಂಗಳವಾರ ಬೆಳಿಗ್ಗೆ ಹುಡುಗಿ ಬ್ಯಾಗು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದವಳು ನಡುವೆ ಕೂತುಬಿಟ್ಟಳು. ಎಚ್ಚರ ತಪ್ಪಿರಲಿಲ್ಲ. "ಕಾಲು ಏಳ್ತಿಲ್ಲ ಮೇಡಂ. ಎದೆ ಒಂಥರಾ ಹೊಡ್ಕೋತಿದೆ" ಎಂದಳು. ನಾನೂ ಅಡುಗೆಯಾಕೆಯೂ ಎರಡೂ ಕಡೆ ತೋಳು ಹಿಡಿದು ಆಟೋಗೆ ಹತ್ತಿಸಿದೆವು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಇಸಿಜಿ ಮಾಡಿಸಿದರು, ರಕ್ತ ತೆಗೆಸಿದರು. ಕಾಗದ ಕೈಗೆ ಬಂದ ಮೇಲೆ ಅವರ ಮುಖ ಬಿಗಿಯಾಯಿತು. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ತೀರಾ ಇಳಿದಿದೆ, ಇನ್ನೂ ಇಳಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ, ಜೀವಕ್ಕೇ ಅಪಾಯ ಎಂದರು. ಡ್ರಿಪ್ ಹಾಕಿಸಿ ಹುಡುಗಿಯನ್ನು ಕೇಳಿದರು: "ಭೇದಿ ಆಗ್ತಿತ್ತಾ? ವಾಂತಿ?"

"ಇಲ್ಲ ಸಾರ್" ಎಂದಳು.

"ಆಗ್ತದೆ. ಊಟ ಆದ್ಮೇಲೆ ಮಾಡ್ಕೋತಾಳೆ" ಎಂದೆ ನಾನು. ಹುಡುಗಿ ನನ್ನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಭಯವಿತ್ತು, ಹಿಂದೆಯೇ ಇನ್ನೇನೋ ಇತ್ತು. ಹೊತ್ತಿದ್ದ ಮೂಟೆಯನ್ನು ಯಾರೋ ಬಲವಂತವಾಗಿ ಇಳಿಸಿಕೊಂಡ ಹಾಗೆ. ಡಾಕ್ಟರು ಬಗ್ಗಿ ಅವಳ ಕಿವಿಯ ಕೆಳಗೆ ಎರಡೂ ಕಡೆ ಬೆರಳಿಟ್ಟು ಒತ್ತಿ ನೋಡಿದರು. ಅಲ್ಲಿನ ಗ್ರಂಥಿ ಊದಿಕೊಂಡಿತ್ತು. ನಾನು ಗಲ್ಲ ತುಂಬಿಕೊಂಡಿದೆ ಎಂದು ಖುಷಿಪಟ್ಟದ್ದು ಅದನ್ನೇ. ಹಲ್ಲು ನೋಡಿದರು, ವಾಂತಿಯ ಹುಳಿಗೆ ಮೇಲಿನ ಹಲ್ಲುಗಳ ಒಳಮೈ ಸವೆದಿತ್ತು. ಎರಡು ದಿನ ಅಲ್ಲೇ ಇರಿಸಿಕೊಂಡು, ಲವಣ ಮೇಲೆ ಬಂದ ಮೇಲೆ ಮಂಡ್ಯಕ್ಕೆ ಚೀಟಿ ಬರೆದುಕೊಟ್ಟರು. ಓದಿ ನೋಡಿದರೆ ಮನೋವೈದ್ಯರಿಗೆ. ಹೊಟ್ಟೆಯದಕ್ಕೆ ಹುಚ್ಚಿನ ಡಾಕ್ಟರು ಯಾಕೆ ಎಂಬ ಮಾತು ನನ್ನ ಬಾಯಿಂದಲೇ ಬಂತು. ಇಪ್ಪತ್ತು ವರ್ಷ ಹೆಣ್ಣುಮಕ್ಕಳನ್ನು ನೋಡಿಕೊಂಡವಳ ಬಾಯಿ ಅದು.

ಬಸ್ಸಿನಲ್ಲಿ ಹುಡುಗಿ ಕಿಟಕಿ ಪಕ್ಕ ಕೂತಿದ್ದಳು. ಗೆಜ್ಜಲಗೆರೆ ದಾಟಿದ ಮೇಲೆ ಮೆಲ್ಲಗೆ ಕೇಳಿದಳು: "ಮನೆಗೆ ಹೇಳ್ತೀರಾ ಮೇಡಂ?"

"ಹೇಳದೆ ಇರಕ್ಕಾಗತ್ತಾ?"

"ಹೇಳಿದ್ರೆ ಓದು ನಿಲ್ಲಿಸ್ತಾರೆ. ಹೆಂಗೂ ಒಂದು ಸಂಬಂಧ ಬಂದಿದೆ. ಗ್ಯಾಸ್ಟ್ರಿಕ್ ಅಂತ ಹೇಳಿ."

ನಾನು ಡಾಕ್ಟರ ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡೆ.

ಮಂಡ್ಯದ ಡಾಕ್ಟರಮ್ಮ ನನ್ನ ತಂಗಿಗಿಂತ ಚಿಕ್ಕವರು. ನಾನು ಹೊರಗಿರುತ್ತೇನೆ ಎಂದು ಎದ್ದರೆ ಹುಡುಗಿಯೇ ನನ್ನ ಸೆರಗು ಹಿಡಿದು ಕೂರಿಸಿದಳು. ಹುಡುಗರ ವಿಷಯ, ಪ್ರೀತಿ ಪ್ರೇಮ ಏನೂ ಕೇಳಲಿಲ್ಲ ಆಕೆ. ಬರೀ ಊಟದ ಬಗ್ಗೆ ಕೇಳಿದರು. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಯಾವ ದಿನ ತುಂಬ ಕಷ್ಟ. ಹುಡುಗಿ ಮೊದಮೊದಲು ಒಂದೊಂದೇ ಪದ ಹೇಳುತ್ತಿದ್ದವಳು ಆಮೇಲೆ ನಿಲ್ಲಿಸಲೇ ಇಲ್ಲ.

"ಸೋಮವಾರ ಪೂರ್ತಿ ಗಟ್ಟಿಯಾಗಿರ್ತೀನಿ ಡಾಕ್ಟ್ರೇ. ಯಾರು ಏನ್ ಕೊಟ್ರೂ ಮುಟ್ಟಲ್ಲ. ಆಮೇಲೆ ಒಂದ್ ತುತ್ತು ಬಾಯಿಗೆ ಹೋಯ್ತೋ, ಮುಗೀತು. ತಣ್ಣಗಿರೋ ಮುದ್ದೆ, ಚಪಾತಿ, ಬಿಸ್ಕತ್ತು, ಬಸ್‌ಸ್ಟ್ಯಾಂಡಿನ ವಡೆ, ಯಾವ್ದಾದ್ರೂ ಸರಿ. ರುಚೀನೇ ಗೊತ್ತಾಗಲ್ಲ. ಸಾಕು ಅಂತ ತಲೆ ಹೇಳ್ತಿರತ್ತೆ, ಕೈ ನಿಲ್ಲಲ್ಲ. ಆಮೇಲೆ ಭಯ ಆಗತ್ತೆ. ಎಲ್ಲಾ ಹೊರಗೆ ಹಾಕಿದ್ಮೇಲೆ ಒಂದ್ ಐದು ನಿಮಿಷ ಆರಾಮು. ಆಮೇಲೆ ನನ್ ಕಂಡ್ರೆ ನಂಗೇ ಅಸಹ್ಯ. ನಾಳೆ ಇಂದ ಏನೂ ತಿನ್ನಲ್ಲ ಅಂತ ಆಣೆ ಮಾಡ್ಕೋತೀನಿ."

"ಉಪವಾಸ ಯಾವಾಗಿಂದ?"

"ಪಿಯುಸಿಯಿಂದ. ಅತ್ತೆ ಮಗಳ ಮದುವೇಲಿ ಎಲ್ಲರೂ ನನ್ನ ನೋಡಿ ನಗಾಡಿದ್ರು, ಮಂಟಪದಲ್ಲಿ ಇವಳನ್ನ ಕೂರಿಸಿದ್ರೆ ಹಲಗೆ ಮುರಿಯುತ್ತೆ ಅಂತ. ತಮಾಷೆಗೇ ಅಂದಿದ್ದು. ಬರೀ ಡಯಟ್ ಅಂದ್ರೆ ಮನೇಲಿ ಬಿಡಲ್ಲ ಡಾಕ್ಟ್ರೇ. ದೇವರ ಹೆಸರು ಹೇಳಿದ್ರೆ ಯಾರೂ ತಿನ್ನು ಅನ್ನಲ್ಲ."

ಆ ಮಾತು ನನಗೆ ಚುರುಕ್ಕೆಂದಿತು. ನಮ್ಮ ಕಡೆ ಬಡಿಸುವವರ ಕೈ ತಡೆಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಸಾಕು ಎಂದು ಎಲೆಗೆ ಅಡ್ಡ ಬಿದ್ದರೂ ಇನ್ನೊಂದು ಮುದ್ದೆ ಬಂದು ಬೀಳುತ್ತದೆ. ನಾನೂ ಇದೇ ಸೀಮೆಯ ದುದ್ದದವಳು, ನನಗೆ ಗೊತ್ತಿಲ್ಲವೇ? ಆದರೆ ಇವತ್ತು ಒಪ್ಪತ್ತು ಎಂದುಬಿಟ್ಟರೆ ಅದೇ ಕೈ ತಾನಾಗಿ ಹಿಂದೆ ಸರಿಯುತ್ತದೆ, ಮೇಲೆ ಒಂದಿಷ್ಟು ಹೊಗಳಿಕೆಯೂ ಸಿಗುತ್ತದೆ. ಈ ಹುಡುಗಿ ಅಡಗಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆ ಜಾಗಕ್ಕೆ ಸಭೆಯಲ್ಲಿ ಚಪ್ಪಾಳೆ ತಟ್ಟಿಸಿದವಳು ನಾನು.

ಡಾಕ್ಟರಮ್ಮ ಇದಕ್ಕೆ ಬುಲಿಮಿಯಾ ಎನ್ನುತ್ತಾರೆ ಎಂದರು. ಗುಣ ಕೆಟ್ಟದ್ದಲ್ಲ, ಬಾಯಿ ಚಪಲವೂ ಅಲ್ಲ, ಕಾಯಿಲೆ. ಇಂಥದ್ದೇ ಕಾರಣ ಎಂದು ಒಂದನ್ನು ತೋರಿಸಲು ಆಗುವುದಿಲ್ಲವಂತೆ. ಮೈಯ ಬಗ್ಗೆ ಆಡಿದ ಮಾತು ಸೇರಿರುತ್ತದೆ, ಎಲ್ಲದರಲ್ಲೂ ಸರಿಯಾಗಿರಬೇಕು ಎಂಬ ಹಟ ಸೇರಿರುತ್ತದೆ, ಕೆಲವರಿಗೆ ಹುಟ್ಟಿನಿಂದಲೇ ಮನಸ್ಸಿನ ಒಂದು ಒಲವೂ ಇರುತ್ತದೆ. ಅದೆಲ್ಲದರ ಮೇಲೆ ಹೊಟ್ಟೆಗೆ ಹಾಕದೆ ಇರುವುದೇ ದೊಡ್ಡ ಕಾರಣವಾಗುತ್ತದೆ. ಕೊಡದೆ ಇಟ್ಟಿದ್ದನ್ನು ಮೈ ಒಂದು ದಿನ ಕಿತ್ತುಕೊಂಡು ತಿನ್ನುತ್ತದೆ. ತಿಂದದ್ದಕ್ಕೆ ಹೆದರಿ ಹೊರಗೆ ಹಾಕುತ್ತಾರೆ, ಹಾಕಿದ ತಪ್ಪಿಗೆ ಮತ್ತೆ ಉಪವಾಸ. ಗಾಣದೆತ್ತಿನ ಸುತ್ತು ಅದು. ತೂಕ ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇರುವುದರಿಂದ ಮನೆಯವರಿಗೂ ಗೊತ್ತಾಗುವುದಿಲ್ಲ.

"ವಾಸಿ ಆಗತ್ತಾ?" ಎಂದು ಕೇಳಿದ್ದು ನಾನು.

"ಆಗತ್ತೆ. ಆದ್ರೆ ನೆಟ್ಟಗೆ ದಾರಿ ಹಿಡಿದು ಆಗಲ್ಲ, ನಡುನಡುವೆ ಜಾರುತ್ತೆ. ಪ್ರತಿ ಗುರುವಾರ ನನ್ನ ಹತ್ರ ಬಂದು ಮಾತಾಡ್ಬೇಕು. ಮಾತ್ರೆ ಕೊಡ್ತೀನಿ. ಮೂರು ಹೊತ್ತು ಊಟ, ನಡುವೆ ಎರಡು ಸಲ ಏನಾದ್ರೂ ಸ್ವಲ್ಪ, ಹೊತ್ತು ತಪ್ಪಬಾರದು. ಉಪವಾಸ ಬೇಡವೇ ಬೇಡ. ಊಟ ಆದ್ಮೇಲೆ ಒಂದು ಗಂಟೆ ಒಬ್ಬಳೇ ಇರೋದು ಬೇಡ, ಯಾರಾದ್ರೂ ಜೊತೆಗಿರ್ಲಿ. ಕಾವಲು ಕಾಯೋದಲ್ಲ ಮೇಡಂ, ಜೊತೆಗಿರೋದು."

ವಾಪಸು ಬರುವಾಗ ನನ್ನ ಮನಸ್ಸಿನಲ್ಲಿ ಒಂದೇ ಲೆಕ್ಕ: ಇಷ್ಟೆಲ್ಲ ಹಾಸ್ಟೆಲ್ಲಿನಲ್ಲಿ ಆಗುವ ಮಾತಲ್ಲ. ತೊಂಬತ್ತು ಹುಡುಗಿಯರ ನಡುವೆ ಒಬ್ಬಳ ತಟ್ಟೆ ನೋಡುತ್ತ ಕೂರಲು ನನಗೆಲ್ಲಿ ಪುರುಸೊತ್ತು? ಕಾಯಿಲೆಯವರನ್ನು ಮನೆಗೆ ಕಳಿಸಿ, ವಾಸಿಯಾದ ಮೇಲೆ ಡಾಕ್ಟರ ಪತ್ರ ತಂದರೆ ಸೇರಿಸಿಕೊಳ್ಳುವುದು ನಮ್ಮ ನಿಯಮ. ನಿಯಮ ಇದೆ, ನಾನು ಬರೆದದ್ದಲ್ಲ. ಅಂದೇ ಅವಳನ್ನು ಮನೆಗೆ ಕಳಿಸುವ ಪತ್ರ ಟೈಪು ಮಾಡಿಸಿ, ಬ್ಲಫ್‌ಗೆ ಫೋನು ಮಾಡಿದೆ. ಗ್ಯಾಸ್ಟ್ರಿಕ್ ಎಂದು ಹೇಳಲಿಲ್ಲ. ಇದ್ದದ್ದನ್ನು ಹೇಳಿದೆ.

ಮರುದಿನ ತಾಯಿ ಬಂದರು. ಅಪ್ಪನಿಗೆ ಶಿಫ್ಟು ಬಿಡಲಾಗಿರಲಿಲ್ಲವಂತೆ. ಬೆಳಿಗ್ಗೆ ಮಳವಳ್ಳಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ತೊಡೆಯ ಮೇಲೆ ಒಂದು ಸ್ಟೀಲಿನ ಡಬ್ಬ ಇಟ್ಟುಕೊಂಡು ಬಂದಿದ್ದರು. ಡಬ್ಬದ ತುಂಬ ಕಜ್ಜಾಯ. ನನ್ನೆದುರು ಕುರ್ಚಿಯಲ್ಲಿ ಕೂತವರೇ ಶುರು ಮಾಡಿದರು.

"ಮೇಡಮ್ನೋರೆ, ಉಂಡಿದ್ದ ಕಕ್ಕದು ಒಂದ್ ಕಾಯ್ಲೆಯಾ? ಕಣ್ಣಾಗದೆ ಕಣಿ. ನಮ್ಮ ಕೂಸು ಓದದ ಕಂಡು ಊರೋರ್ ಕಣ್ಣೆಲ್ಲ ಇವಳ್ಮ್ಯಾಲೆ. ಕರ್ಕಂಡೋಗಿ ನಿವಾಳಿಸಾಕ್ತೀನಿ, ಸರಿಯೋಯ್ತದೆ. ಓದಿದ್ದೂ ಸಾಕು ಬುಡಿ. ಒಳ್ಳೆ ಕಡೆ ಗಂಡು ಬಂದದೆ."

ಬುಲಿಮಿಯಾ ಎಂದರೇನೆಂದು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನನಗೆ ತಿಳಿದ ಹಾಗೆ ಹೇಳಿದೆ. ಉಪವಾಸ ನಿಲ್ಲಿಸಬೇಕು ಎಂದಾಗ ಆ ತಾಯಿಯ ಮುಖ ಕಪ್ಪಿಟ್ಟಿತು. "ಅದೆಂಗಾದದು? ಅದಿನಾರು ಸ್ವಾಮಾರ ಮಾಡುಸ್ತೀನಿ ಅಂತ ಸಿವಂಗೆ ಹರಕೆ ಒತ್ತಿವ್ನಿ. ಅದ್ಮೂರಾಗದೆ. ಇನ್ ಮೂರೇ ಮೂರು. ನಡುವ್ನಾಗೆ ಮುರುದ್ರೆ ಕೂಸಿಗೇ ತಾನೆ ಕೇಡು?"

ಹುಡುಗಿ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಈಗ ಎರಡು ಹೆಜ್ಜೆ ಮುಂದೆ ಬಂದಳು.

"ಅವ್ವ, ಕರ್ಕಂಡೋಗು. ಬತ್ತೀನಿ. ಆದ್ರೆ ಅಲ್ಲೂ ಮಾಡ್ತೀನಿ. ನಿಂಗೊತ್ತಾಗ್ದಂಗೆ ಮಾಡ್ತೀನಿ. ಮೂರ್ ವರ್ಸದಿಂದ ಮಾಡ್ತಿಲ್ವಾ? ಒಂದ್ಸಲನಾದ್ರೂ ಗೊತ್ತಾಯ್ತಾ ನಿಂಗೆ?"

ತಾಯಿಯ ಕೈ ಡಬ್ಬದ ಮುಚ್ಚಳದ ಮೇಲೆ ಹಾಗೇ ನಿಂತಿತು. ಹುಡುಗಿ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಆರೋಪವೇನೂ ಇರಲಿಲ್ಲ, ನಡೆದದ್ದನ್ನು ಹೇಳುವ ಹಾಗೆ ಹೇಳಿದಳು:

"ಆವತ್ತು ಕಿಟ್ ನೋಡಿ ನೀವು ಏನೂ ಇಲ್ಲ ಅಂದ್ರಿ ಮೇಡಂ. ನನಗೂ ಹಾಗೇ ಅನ್ನಿಸ್ತು. ಹೊಟ್ಟೇಲಿ ಮಗು ಇಲ್ಲ ಅಂದ್ಮೇಲೆ ನಂಗೆ ಏನೂ ಇಲ್ಲ ಅಂತ."

ನನಗೆ ಅಳು ಬಂತು. ಸುಳ್ಳು ಹೇಳುವುದಿಲ್ಲ, ಕಣ್ಣೊರೆಸಿಕೊಂಡೆ. ಮೇಜಿನ ಮೇಲೆ ಸಹಿ ಹಾಕದ ಪತ್ರವಿತ್ತು, ಪೆನ್ನೂ ಇತ್ತು. ಸಹಿ ಹಾಕಿದರೆ ನನ್ನ ಕೈ ತೊಳೆದ ಹಾಗೆ. ಹುಡುಗಿಗೆ ಏನೇ ಆದರೂ ನಿಯಮದ ಪ್ರಕಾರ ನಾನು ಸರಿ. ಆದರೆ ಅವಳು ವಾಸಿಯಾಗುವುದಿದ್ದರೆ ಎಲ್ಲರಿಗೂ ಗೊತ್ತಿರುವ ಜಾಗದಲ್ಲೇ ಆಗಬೇಕು. ಆ ಜಾಗ ಸದ್ಯಕ್ಕೆ ಇದೊಂದೇ. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿನೊಳಕ್ಕೆ ಹಾಕಿದೆ.

"ಇವಳನ್ನ ನಾನು ಕಳಿಸಲ್ಲಮ್ಮ" ಎಂದೆ. "ಓದು ಮುಗಿಯೋವರೆಗೂ ಇಲ್ಲೇ ಇರ್ತಾಳೆ. ಗುರುವಾರ ಗುರುವಾರ ಮಂಡ್ಯಕ್ಕೆ ನಾನೇ ಕರ್ಕೊಂಡು ಹೋಗ್ತೀನಿ. ಹಾಸ್ಟೆಲ್ ಕಮಿಟಿಯವರು ಕೇಳಿದ್ರೆ ಉತ್ತರ ಕೊಡೋಳು ನಾನು. ಆದ್ರೆ ಉಪವಾಸ ಒಂದು ದಿನಾನೂ ಮಾಡಿಸಲ್ಲ."

ತಾಯಿ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡರು. ಹರಕೆ ಇನ್ನೂ ಅವರನ್ನು ಬಿಟ್ಟಿರಲಿಲ್ಲ. ದೇವರ ಎದುರು ಮಾತು ಕೊಟ್ಟ ಹೆಂಗಸಿಗೆ ವಾರ್ಡನ್ ಮಾತು ಯಾವ ಲೆಕ್ಕ? ಕಾಫಿ ತಂದಿದ್ದ ಅಡುಗೆಯಾಕೆ ಲೋಟ ಕೆಳಗಿಡದೆ ನಿಂತಿದ್ದಳು. ಆಕೆಯೇ ಕೇಳಿದಳು:

"ಅಲ್ಲ ಕಣವ್ವ, ಹರಕೆ ಒತ್ತೋರ್ಯಾರು?"

"ನಾನೇಯ."

"ಮತ್ತೆ?"

ಅಷ್ಟೇ. ಆ ತಾಯಿ ಅಡುಗೆಯಾಕೆಯ ಕಡೆ ತಿರುಗಿದರು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, ಮಗಳ ಕಡೆ ನೋಡದೆ, ಕಿಟಕಿಗೆ ಹೇಳುವ ಹಾಗೆ ಹೇಳಿದರು: "ಆ ಮೂರ್ ಸ್ವಾಮಾರವ ನಾನ್ ಮಾಡ್ತೀನಿ. ನೀನ್ ಉಣ್ಣು ಮಗ."

ಅಲ್ಲಿಂದ ಮುಂದಿನದು ಕೆಲಸ. ನನಗೆ ಕೆಲಸ ಎಂದರೆ ಹೆದರಿಕೆಯಿಲ್ಲ.

ಮೊದಲು ಅಡುಗೆಮನೆಯ ಬೀಗ ತೆಗೆದೆ. ಕಾಯಿಲೆಯವರ ಕೋಣೆಯಲ್ಲಿದ್ದ ತೂಕದ ಯಂತ್ರವನ್ನು ಉಗ್ರಾಣಕ್ಕೆ ಸೇರಿಸಿದೆ. ಸಂಜೆ ನಾಲ್ಕೂವರೆಗೆ ಎಲ್ಲ ಹುಡುಗಿಯರಿಗೂ ಒಂದು ಮುಷ್ಟಿ ಕಡಲೆಕಾಯೋ, ಒಂದು ಬಾಳೆಹಣ್ಣೋ ಕೊಡುವ ಪದ್ಧತಿ ಮಾಡಿದೆವು. ಒಬ್ಬಳಿಗೇ ಕೊಟ್ಟರೆ ತೊಂಬತ್ತು ಜೋಡಿ ಕಣ್ಣು ಅವಳ ಮೇಲೆ. ಊಟವಾದ ಮೇಲಿನ ಒಂದು ಗಂಟೆಯದೇ ದೊಡ್ಡ ತಲೆನೋವು. ಸುಮ್ಮನೆ ಕೂರು ಎಂದರೆ ಹುಡುಗಿ ಬೆವರುತ್ತಿದ್ದಳು, ಕಾಲು ತಾನಾಗಿ ಬಚ್ಚಲ ಕಡೆ ಎಳೆಯುತ್ತಿತ್ತು. ಮೊದಲ ವಾರ ನನ್ನ ಆಫೀಸಿನಲ್ಲಿ ಕೂರಿಸಿಕೊಂಡು ಅದೂ ಇದೂ ಮಾತಾಡಿದೆ. ನಾನು ಗಡಿಯಾರ ನೋಡುವುದು, ಅವಳು ನಾನು ನೋಡುವುದನ್ನು ನೋಡುವುದು. ಇಬ್ಬರಿಗೂ ಹಿಂಸೆ.

ದಾರಿ ತೋರಿಸಿದ್ದು ಅವರೆಕಾಯಿ. ಸೊಗಡಿನ ಅವರೆಯ ಕಾಲ ಶುರುವಾಗಿತ್ತು. ತೊಂಬತ್ತು ಜನಕ್ಕೆ ಹಿತಕಿದ ಬೇಳೆ ಸಾರು ಮಾಡಬೇಕೆಂದರೆ ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ಸಿಪ್ಪೆಯಿಂದ ಹೊರಗೆ ಹಾರಿಸಬೇಕು. ಎರಡು ಕೈಗೂ ಬಿಡುವಿಲ್ಲ, ಕಣ್ಣು ಕಾಳಿನ ಮೇಲೇ ಇರಬೇಕು. ಅಡುಗೆಯಾಕೆ ಊಟವಾದ ಕೂಡಲೇ ಬುಟ್ಟಿ ಮುಂದೆ ತಂದಿಟ್ಟು, "ಬಾ ಕೂಸು, ನಂಗೊಬ್ಳಿಗೇ ಆಗಕಿಲ್ಲ" ಎಂದು ಕರೆಯುತ್ತಿದ್ದಳು. ಕಾಯಿಲೆಯ ಮಾತೇ ಇಲ್ಲ. ತನ್ನ ಅತ್ತೆಯನ್ನು ಬಯ್ಯುವುದು, ಕೊಪ್ಪದ ಹಾಲಿನ ಡೈರಿಯ ಜಗಳ, ಎಮ್ಮೆ ಗಬ್ಬವಾದದ್ದು. ಒಂದು ಗಂಟೆ ಹೇಗೆ ಹೋಯಿತೆಂದು ಹುಡುಗಿಗೆ ಗೊತ್ತಾಗುತ್ತಿರಲಿಲ್ಲ. ಮೂರನೇ ಗುರುವಾರ ಡಾಕ್ಟರಮ್ಮನಿಗೆ ಇದನ್ನು ಹೇಳಿದೆ. ಅವರು ನಕ್ಕು, ಅವರೆಕಾಯಿ ಮುಗಿದ ಮೇಲೆ ಏನು ಮಾಡುತ್ತೀರಿ ಎಂದರು. "ಸೊಪ್ಪು ಬಿಡಿಸ್ತೀವಿ, ಅಕ್ಕಿ ಕೇರ್ತೀವಿ. ತೊಂಬತ್ತು ಜನರ ಅಡುಗೆಮನೇಲಿ ಕೆಲಸಕ್ಕೇನು ಬರ?" ಎಂದೆ.

ಎಲ್ಲವೂ ಸಲೀಸಾಗಿ ಆಯಿತೆಂದು ಹೇಳಿದರೆ ಯಾರೂ ನಂಬಬೇಕಿಲ್ಲ. ಸಂಕ್ರಾಂತಿ ರಜೆ ಮುಗಿಸಿ ಬಂದವಳು ಮೂರು ದಿನ ನನ್ನ ಕಣ್ಣು ತಪ್ಪಿಸಿದಳು. ನನಗೆ ಅನುಮಾನ ಬಂದು, ಒಂದು ಮಧ್ಯಾಹ್ನ ಅವಳ ಹಿಂದೆಯೇ ಮೇಲೆ ಹೋಗಿ ಬಚ್ಚಲ ಹೊರಗೆ ಉಸಿರು ಬಿಗಿಹಿಡಿದು ನಿಂತೆ. ಅವಳು ಬಾಗಿಲು ತೆಗೆದಳು. ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ಟು. ನನ್ನನ್ನು ನೋಡಿ ಪಕ್ಕದಿಂದ ಹೋದಳು. ಎರಡು ದಿನ ಮಾತಿಲ್ಲ. ಡಾಕ್ಟರಮ್ಮನ ಹತ್ತಿರ ಚಾಡಿ ಹೇಳಿದ್ದೂ ಅವಳೇ. ಅವರು ನನ್ನನ್ನು ಒಳಗೆ ಕರೆದು, "ಮೇಡಂ, ಪೊಲೀಸ್ ಕೆಲಸಕ್ಕೆ ಬೇರೆಯವರಿದ್ದಾರೆ" ಎಂದರು. ಹುಡುಗಿಯ ಎದುರೇ ತಪ್ಪಾಯಿತು ಎಂದೆ. ಈ ವಯಸ್ಸಿನಲ್ಲಿ ಒಬ್ಬ ಹುಡುಗಿಗೆ ತಪ್ಪಾಯಿತು ಅನ್ನುವುದು ಸುಲಭವಲ್ಲ, ಆದರೆ ಹೇಳಿದ ಮೇಲೆ ಊಟ ಚೆನ್ನಾಗಿ ಸೇರಿತು.

ಇನ್ನೊಂದು ಕಷ್ಟ ನನ್ನ ನಾಲಿಗೆಯದು. ರಜೆಯಿಂದ ಬಂದ ಹುಡುಗಿಯರನ್ನು "ಏನೇ, ಊರಲ್ಲಿ ತಿಂದು ಗುಂಡಗಾಗಿ ಬಂದಿದ್ದೀಯ" ಎಂದು ಮಾತಾಡಿಸುವುದು ನನ್ನ ಪ್ರೀತಿಯ ರೀತಿ. ಅಡುಗೆಯಾಕೆಯದೂ ಅದೇ. ಇಬ್ಬರೂ ಒಪ್ಪಂದ ಮಾಡಿಕೊಂಡೆವು: ಮೈ ವಿಷಯ ಯಾರ ಬಾಯಲ್ಲಿ ಬಂದರೂ ಇನ್ನೊಬ್ಬರು ಕೆಮ್ಮುವುದು. ಮೊದಲ ತಿಂಗಳು ಅಡುಗೆಮನೆಯಲ್ಲಿ ಕ್ಷಯದ ವಾರ್ಡಿನಷ್ಟು ಕೆಮ್ಮಿದ್ದೇವೆ. ತಿಂಗಳ ಸಭೆಯಲ್ಲೂ ಎದ್ದು ನಿಂತು, ಯಾರ ಹೆಸರೂ ಎತ್ತದೆ ಈ ಕಾಯಿಲೆಯ ಬಗ್ಗೆ ಹೇಳಿದೆ. ಹೊಟ್ಟೆಗೆ ಹಾಕದೆ ಇರುವುದನ್ನು ನಾನು ಹೊಗಳಿದ್ದು ತಪ್ಪು ಎಂದೆ. ಇಂಥ ತೊಂದರೆ ಇದ್ದವರು ನನ್ನ ಹತ್ತಿರ ಬರಬಹುದು, ಗ್ಯಾಸ್ಟ್ರಿಕ್ಕಿನ ಮಾತ್ರೆ ಕೊಟ್ಟು ಕಳಿಸುವುದಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ. ಹುಡುಗಿಯರು ನಕ್ಕರು. ವಾರ ಕಳೆಯುವಷ್ಟರಲ್ಲಿ ಮೊದಲ ವರ್ಷದ ಇನ್ನೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ಅವಳ ಕಥೆ ಅವಳದು, ಇಲ್ಲಿ ಹೇಳುವುದಿಲ್ಲ.

ಮಾರ್ಚಿ ತಿಂಗಳ ಒಂದು ಬೆಳಿಗ್ಗೆ. ಹುಡುಗಿಯರೆಲ್ಲ ತಿಂಡಿ ಮುಗಿಸಿ ಕಾಲೇಜಿಗೆ ಹೊರಡುವ ಗಡಿಬಿಡಿ. ನಾನು ಆಫೀಸಿನಲ್ಲಿ ಹಾಜರಿ ಪುಸ್ತಕ ನೋಡುತ್ತಿದ್ದೆ. ಬ್ಲಫ್ ಹುಡುಗಿ ಬಂದು ಎದುರು ನಿಂತಳು. ಕೂರು ಎಂದರೂ ಕೂರಲಿಲ್ಲ. ಕೈಯಲ್ಲಿ ಬ್ಯಾಗಿನ ಪಟ್ಟಿಯನ್ನು ತಿರುಚುತ್ತಿದ್ದಳು.

"ಮೇಡಂ, ನೆನ್ನೆ ಸಂಜೆ ಮಾಡ್ಕೊಂಡ್ಬಿಟ್ಟೆ."

ಯಾರೂ ಕೇಳದೆ, ಹಿಡಿಯದೆ, ಅವಳು ತಾನಾಗಿ ಬಂದು ಆ ಮಾತು ಹೇಳಿದ್ದು ಅದೇ ಮೊದಲು. ಯಾಕೆ, ಏನಾಗಿತ್ತು, ಇಷ್ಟು ದಿನ ಮಾಡಿದ್ದೆಲ್ಲ ನೀರಿಗೆ ಹೋಯಿತಲ್ಲ ಎಂಬ ಮಾತುಗಳೆಲ್ಲ ನನ್ನ ಬಾಯಿಯವರೆಗೆ ಬಂದವು. ನುಂಗಿಕೊಂಡೆ.

"ಎಷ್ಟು ದಿನ ಆಗಿತ್ತು ನಿಲ್ಲಿಸಿ?"

"ಇಪ್ಪತ್ತಾರು."

"ಸರಿ. ಗುರುವಾರ ಡಾಕ್ಟ್ರಿಗೆ ಹೇಳು."

"ಹೇಳ್ತೀನಿ." ಹೋಗಲಿಲ್ಲ, ಅಲ್ಲೇ ನಿಂತಳು. ಊಟದ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಅಲ್ಲಿ ಕೊನೆಯ ತಟ್ಟೆಗಳನ್ನು ಎತ್ತುವ ಸದ್ದು ಕೇಳುತ್ತಿತ್ತು. "ಇವತ್ತು ಏನೂ ತಿನ್ನಬಾರ್ದು ಅನ್ನಿಸ್ತಿದೆ ಮೇಡಂ. ಹಂಗೆ ಅನ್ನಿಸಿದ ದಿನಾನೇ ತಿನ್ನಬೇಕು ಅಂತ ಡಾಕ್ಟ್ರು ಹೇಳಿದಾರೆ. ಒಬ್ಬಳೇ ಕೂತು ತಿನ್ನಕ್ಕೆ ಭಯ ಆಗ್ತಿದೆ. ನಿಮ್ದು ತಿಂಡಿ ಆಯ್ತಾ?"

ನನ್ನ ತಿಂಡಿಯಾಗಿ ಒಂದು ಗಂಟೆಯಾಗಿತ್ತು. ಮೂರು ಇಡ್ಲಿ ತಿಂದಿದ್ದೆ, ಕಾಫಿಯೂ ಕುಡಿದಿದ್ದೆ.

"ಇಲ್ಲ ಕಣೆ, ನಡಿ" ಎಂದು ಪುಸ್ತಕ ಮುಚ್ಚಿ ಎದ್ದೆ. ಇಬ್ಬರೂ ಹೋಗಿ ತಟ್ಟೆ ತೆಗೆದುಕೊಂಡೆವು.